ಮೈಸೂರಿನ ಕ್ಲಚ್ಚು, ದೆಹಲಿಯ ವರಾಂಡಾ

ಮೋಟಾರು ಸೈಕಲ್ಲಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎಂಜಿನ್ನಿನಿಂದ ತೊಡಗುತ್ತಾರೆ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಎಂಬ ಲೆಕ್ಕವೇ ಅವರಿಗೆ ಮುಖ್ಯ. ನಾವು ಈ ಲೇಖನದಲ್ಲಿ ಕ್ಲಚ್ಚನ್ನು ಹಿಡಿದು ಹೊರಟಿದ್ದೇವೆ. ನಮ್ಮ ಮೈಸೂರಿನಲ್ಲಿ ತಯಾರಾಗಿ ದೆಹಲಿಯವರೆಗೂ ಬಂದ ಜಾವಾ ಮತ್ತು ಯೆಜ್ಡಿ ಗಾಡಿಗಳಲ್ಲಿ ಮನೆಯವರೇ ಬಿಚ್ಚಿ, ತೊಳೆದು, ಮತ್ತೆ ಕೂಡಿಸಬಹುದಾಗಿದ್ದ ಭಾಗ ಅದು. ಆ ಗಾಡಿಯಲ್ಲಿ ಬೇರಾವ ಗಾಡಿಯಲ್ಲೂ ಸುಲಭವಾಗಿ ಸಿಗದ ಒಂದು ವಿಶೇಷವಿದ್ದುದೂ ಅಲ್ಲಿಯೇ.

ಕ್ಲಚ್ಚಿನ ಕೆಲಸವೇನೆಂದು ಗೊತ್ತಿಲ್ಲದ ಗೃಹಿಣಿಯರೂ ಮಕ್ಕಳೂ ಇದನ್ನು ಓದುತ್ತಿರಬಹುದು. ಅವರಿಗಾಗಿ ಎರಡು ಮಾತು. ಎಂಜಿನ್ನು ಸದಾ ತಿರುಗುತ್ತಿರಬೇಕು, ಚಕ್ರ ಮಾತ್ರ ನಮಗೆ ಬೇಕಾದಾಗ ತಿರುಗಬೇಕು, ಬೇಡವಾದಾಗ ನಿಲ್ಲಬೇಕು. ಇವೆರಡರ ನಡುವೆ ಹಿಡಿದು ಬಿಡುವ ಕೈಯೇ ಕ್ಲಚ್ಚು. ತೀರ ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಅದು ಇರಲೇ ಇಲ್ಲ. ಎಂಜಿನ್ನಿನಿಂದ ಚಕ್ರಕ್ಕೆ ನೇರವಾಗಿ ಒಂದು ಬೆಲ್ಟು ಇರುತ್ತಿತ್ತು. ಸವಾರ ಗಾಡಿಯನ್ನು ತಳ್ಳಿಕೊಂಡು ಓಡಿ, ಅದು ಗುಡುಗತೊಡಗಿದೊಡನೆ ಹಾರಿ ಕೂರಬೇಕು. ನಿಲ್ಲಿಸಬೇಕಾದರೆ ಎಂಜಿನ್ನನ್ನೇ ನಿಲ್ಲಿಸಬೇಕು. 1905ರ ಸುಮಾರಿಗೆ ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ಸೆಲ್ಬಿ ಹೀಲ್-ಶಾ ಎಂಬುವರು ಅನೇಕ ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಎಣ್ಣೆಯಲ್ಲಿ ಮುಳುಗಿಸಿದ ಕ್ಲಚ್ಚನ್ನು ರೂಪಿಸಿದರು. ತಟ್ಟೆಗಳನ್ನು ಸ್ಪ್ರಿಂಗುಗಳು ಅದುಮಿದರೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ, ಒತ್ತಡ ತೆಗೆದರೆ ತಮ್ಮ ತಮ್ಮ ಪಾಡಿಗೆ ಬಿಡುತ್ತವೆ. ಇಂದಿಗೂ ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಇರುವುದು ಇದರ ವಂಶವೇ.

ತಟ್ಟೆಗಳ ಮೈಗೆ ಏನನ್ನು ಹಚ್ಚಬೇಕು? ಆ ಕಾಲದ ಉತ್ತರ ಕಾರ್ಕ್. ನಮಗೆ ಕಾರ್ಕ್ ಎಂದರೆ ಸೀಸೆಯ ಬಿರಡೆ. ಪೋರ್ಚುಗಲ್, ಸ್ಪೇನ್ ಕಡೆಯ ಒಂದು ಜಾತಿಯ ಓಕ್ ಮರದ ತೊಗಟೆ ಅದು. ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಮರ ಸಾಯದಂತೆ ಸುಲಿದು ತೆಗೆಯುತ್ತಾರೆ. ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುವುದರಿಂದ ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ, ಎಣ್ಣೆಯಲ್ಲಿ ನೆಂದರೂ ಹಿಡಿತ ಬಿಡುವುದಿಲ್ಲ. ಅದರ ಶತ್ರು ಒಂದೇ: ಶಾಖ. ಹೆಚ್ಚು ಉಜ್ಜಿದರೆ ಕರಿಕಲಾಗುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ದೆಹಲಿಯ ರಸ್ತೆಗೆ ಬಂದಾಗ ಇದೇ ಮಾತು ಬೇಕಾಗುತ್ತದೆ.

ಇನ್ನು ಜಾವಾದ ವಿಷಯ. ಅದು ಇಂಡೊನೇಷ್ಯಾದ ದ್ವೀಪವಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲಿನ ಹಕ್ಕು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಅವರು 1941ರಲ್ಲಿ ತೀರಿಕೊಂಡರು. ಆಗ ದೇಶ ಜರ್ಮನರ ವಶದಲ್ಲಿತ್ತು. ಮೋಟಾರು ಸೈಕಲ್ಲಿನ ಹೊಸ ವಿನ್ಯಾಸ ಮಾಡುವಂತಿರಲಿಲ್ಲ. ಆದರೂ ಅಲ್ಲಿನ ಎಂಜಿನಿಯರುಗಳು ಕಣ್ಣು ತಪ್ಪಿಸಿ ಒಂದು 250 ಸಿ.ಸಿ. ಗಾಡಿಯನ್ನು ರೂಪಿಸಿ, ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜಗತ್ತಿನ ಮುಂದಿಟ್ಟರು. ಕಳ್ಳತನದಲ್ಲಿ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬಹುದು!

ಆ ಗಾಡಿಯಲ್ಲಿ ಬಂದದ್ದೇ ನಾವು ಹೇಳಹೊರಟ ವಿಶೇಷ. ಅದರ ಗೇರ್ ಲಿವರ್ ಮೆಟ್ಟಿದಾಗ ಅದರ ದಂಡದೊಂದಿಗೆ ಒಂದು ಕ್ಯಾಮ್ ತಿರುಗಿ ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಎಡಗೈಯ ಕ್ಲಚ್ ಹಿಡಿಯದೆಯೇ ಕಾಲಿನಿಂದ ಗೇರು ಬದಲಿಸಬಹುದು. ನಿಂತಲ್ಲಿಂದ ಹೊರಡುವಾಗ ಮಾತ್ರ ಕೈ ಬೇಕು. ಮೈಸೂರಿನ ಗಾಡಿಗಳಲ್ಲಿ ಅದೇ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಒಂದೇ ಲಿವರಿನಿಂದ ಮೂರು ಕೆಲಸ. ಎಡಗಾಲಿನ ಬೂಟಿನ ಮೇಲ್ಭಾಗ ಸವೆದಿದ್ದರೆ ಆತ ಜಾವಾದವನೆಂದು ಹೇಳಿಬಿಡಬಹುದಾಗಿತ್ತು.

ಈ ಗಾಡಿ ಮೈಸೂರಿಗೆ ಬಂದದ್ದು ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರಿಂದ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಗಿ 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಉದ್ಘಾಟನೆ ಮಾಡಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಲು ಚೆಕ್ ದೇಶದಿಂದ ಬಂದ ಭಾಗಗಳ ಜೋಡಣೆ, ಬರಬರುತ್ತ ಇಲ್ಲಿಯದೇ ತಯಾರಿಕೆ. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಅದು ಇರಾನಿಯವರ ಪೂರ್ವಿಕರ ಊರಾದ ಪರ್ಷಿಯಾದ ಯಜ್ದ್ ನಗರದ ನೆನಪು. ಚೆಕ್ ವಿನ್ಯಾಸ, ಪರ್ಷಿಯದ ಹೆಸರು, ಕನ್ನಡಿಗರ ಕೈ. 1978ರ ರೋಡ್‌ಕಿಂಗ್ ಆ ಕಾರ್ಖಾನೆಯ ಹೆಸರನ್ನು ಇನ್ನೊಂದು ತಲೆಮಾರಿಗೆ ತಲುಪಿಸಿತು.

ದೆಹಲಿಗೆ ಬಂದ ನಮ್ಮವರಲ್ಲಿ ಹಲವರು ಸ್ಕೂಟರಿನ ಸರತಿಯಲ್ಲಿ ನಿಂತವರು. 1960ರ ಸ್ಕೂಟರ್ ವಿತರಣಾ ನಿಯಂತ್ರಣ ಆದೇಶದ ಕೆಳಗೆ ಸರ್ಕಾರಿ ನೌಕರರಿಗೆ ಒಂದು ಪಾಲು ಮೀಸಲಿತ್ತು, ಆದರೆ ಪಾಳಿ ಬರುವ ಹೊತ್ತಿಗೆ ಮಗು ಶಾಲೆಗೆ ಸೇರಿರುತ್ತಿತ್ತು. ಮೋಟಾರು ಸೈಕಲ್ಲನ್ನೇ ಕೊಂಡವರು, ಅಥವಾ ಊರಿನಲ್ಲಿದ್ದ ಅಣ್ಣನ ಗಾಡಿಯನ್ನು ಪೆಟ್ರೋಲು ಬಸಿದು, ಗೋಣಿಚೀಲ ಸುತ್ತಿ, ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ತರಿಸಿಕೊಂಡವರು ನಮ್ಮ ನಡುವೆ ಇದ್ದರು. ರಾಮಕೃಷ್ಣಪುರಂ, ಸರೋಜಿನಿ ನಗರ, ಲೋಧಿ ಕಾಲೋನಿಯ ಕ್ವಾರ್ಟರ್ಸುಗಳ ಮುಂದೆ ಎರಡು ಸೈಲೆನ್ಸರಿನ ಆ ಗಾಡಿ ನಿಂತಿದ್ದರೆ, ಬಾಗಿಲು ತಟ್ಟಿ ಕನ್ನಡದಲ್ಲಿ ಮಾತಾಡಿಸಿ ನೋಡಲು ಅಡ್ಡಿಯಿರಲಿಲ್ಲ.

ಮೈಸೂರಿನ ಕಾರ್ಖಾನೆಗೆ ಎದುರಾಳಿಗಳು ಬಂದದ್ದೂ ದೆಹಲಿಯ ಸುತ್ತಲಿನಿಂದಲೇ ಎಂಬುದು ಚರಿತ್ರೆಯ ತಮಾಷೆ. ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ ಅರವತ್ತರ ದಶಕದಿಂದಲೇ ರಾಜದೂತ್ ಮಾಡುತ್ತಿತ್ತು. ಅದು ಸಮಬಲದ ನೆರೆಯವನು, ತೊಂದರೆಯಿಲ್ಲ. ಆದರೆ 1985ರಲ್ಲಿ ಹರಿಯಾಣದ ಧಾರುಹೇಡಾದಿಂದ ಹೀರೋ ಹೋಂಡಾ ಸಿ.ಡಿ. 100 ಹೊರಟಿತು. ಅದೇ ವರ್ಷ ಎಸ್ಕಾರ್ಟ್ಸ್‌ನ ಯಮಹಾ ಆರ್.ಎಕ್ಸ್. 100 ಬಂತು. ಒಂದಕ್ಕೆ ಪೆಟ್ರೋಲಿನ ಹಸಿವೇ ಇಲ್ಲ, ಇನ್ನೊಂದು ಹಗುರ ಮತ್ತು ಚುರುಕು. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಕೆಲಸ ಕಳೆದುಕೊಂಡವರ ಮನೆಗಳ ಕಥೆ ಬೇರೆಯದೇ ಲೇಖನವಾಗಬೇಕು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಇನ್ನೊಂದು ಕಂಪನಿಯಿಂದ ಮರಳಿ ಬಂದವು. ಅವು ಬೇರೆ ಎಂಜಿನ್ನಿನ ಗಾಡಿಗಳು, ನಮ್ಮ ಕ್ಲಚ್ಚಿನ ಚರಿತ್ರೆಗೆ ಸಂಬಂಧಪಟ್ಟವಲ್ಲ.

ಕಾರ್ಖಾನೆ ಮುಚ್ಚಿತು, ಗಾಡಿಗಳು ನಿಲ್ಲಲಿಲ್ಲ. ನಿಲ್ಲದಿರಲು ಒಂದು ಕಾರಣ ಕರೋಲ್ ಬಾಗಿನ ಮತ್ತು ಕಾಶ್ಮೀರಿ ಗೇಟಿನ ಬಿಡಿಭಾಗಗಳ ಅಂಗಡಿಗಳು, ಇನ್ನೊಂದು ಕಾರಣ ಕ್ವಾರ್ಟರ್ಸಿನ ಹಿಂದಿನ ವರಾಂಡಾ. ಜನವರಿಯ ಭಾನುವಾರ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಹಳೆಯ ಹಿಂದೂಸ್ತಾನ್ ಟೈಮ್ಸ್ ಹರಡಿಕೊಂಡು ಕೂರುವ ಕೆಲಸ ಇದು. ಮೈಸೂರಿನಲ್ಲಿ ವರ್ಷಗಟ್ಟಲೆ ಬಾಳುವ ಕಾರ್ಕ್ ಪ್ಲೇಟು ಧೌಲಾ ಕುವಾಂ, ಐ.ಟಿ.ಓ. ಕಡೆಯ ವಾಹನಗಳ ಸಾಲಿನಲ್ಲಿ ಅಷ್ಟು ಬಾಳುವುದಿಲ್ಲ. ಅರ್ಧ ಹಿಡಿದು ಅರ್ಧ ಬಿಟ್ಟು ತೆವಳುವಾಗ ಅದು ಉಜ್ಜಿ ಸುಡುತ್ತದೆ. ಮೇಲೆ ಮೇ ತಿಂಗಳ ಲೂ ಗಾಳಿ. ಎಂಜಿನ್ನು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇದಕ್ಕೆ ಕ್ಲಚ್ ಸ್ಲಿಪ್ ಎನ್ನುತ್ತಾರೆ.

ಕೆಲಸದ ಕ್ರಮ ಹೀಗೆ. ಗೇರ್ ಬಾಕ್ಸಿನ ಎಣ್ಣೆಯೇ ಕ್ಲಚ್ಚಿಗೂ ಆದ್ದರಿಂದ ಮೊದಲು ಅದನ್ನು ಬಸಿಯಬೇಕು. ಬಸಿದ ಎಣ್ಣೆ ಸುಟ್ಟ ವಾಸನೆ ಬಂದರೆ ರೋಗ ಅರ್ಧ ಗೊತ್ತಾಯಿತು. ಫುಟ್‌ರೆಸ್ಟು, ಲಿವರು ತೆಗೆದು ಎಡಗಡೆಯ ಮುಚ್ಚಳ ಬಿಚ್ಚಿದರೆ ಚೈನಿನ ಹಿಂದುಗಡೆ ಕ್ಲಚ್ಚು ಕಾಣುತ್ತದೆ. ಸ್ಪ್ರಿಂಗುಗಳನ್ನು ತೆಗೆದು ಸಾಲಾಗಿ ನಿಲ್ಲಿಸಿ: ಒಂದು ಗಿಡ್ಡ, ಒಂದು ಉದ್ದ ಇದ್ದರೆ ಎಲ್ಲವನ್ನೂ ಬದಲಿಸಬೇಕು, ಒಂದನ್ನಲ್ಲ. ಉಕ್ಕಿನ ತಟ್ಟೆಗಳನ್ನು ದಪ್ಪ ಗಾಜಿನ ಮೇಲಿಟ್ಟು ಒತ್ತಿದರೆ ಅಲುಗಾಡುವವು ಸೊಟ್ಟಗಾಗಿರುತ್ತವೆ. ಅವು ಶಾಖದಿಂದ ನೀಲಿಗಟ್ಟಿದ್ದರೂ ಪ್ರಯೋಜನವಿಲ್ಲ. ಕ್ಲಚ್ ಡ್ರಮ್ಮಿನ ಗಾಡಿಗಳಲ್ಲಿ, ಅಂದರೆ ಪ್ಲೇಟಿನ ಹಲ್ಲು ಕೂರುವ ಸಂದುಗಳಲ್ಲಿ, ಮೆಟ್ಟಿಲಿನಂತೆ ಗುಳಿ ಬಿದ್ದಿರುತ್ತದೆ. ಅದನ್ನು ಅರದಿಂದ ಮೆಲ್ಲಗೆ ಸಮ ಮಾಡದಿದ್ದರೆ ಪ್ಲೇಟು ಅಲ್ಲೇ ಸಿಕ್ಕಿಕೊಂಡು ಕ್ಲಚ್ಚು ಬಿಡುವುದೇ ಇಲ್ಲ. ನಡುವಿನ ನಟ್ಟು ಬಿಚ್ಚುವಾಗ ಡ್ರಮ್ಮು ತಿರುಗದಂತೆ ಹಿಡಿಯಲು ಅಂಗಡಿಯ ಸಾಧನ ಬೇಕಿಲ್ಲ. ಸವೆದ ಒಂದು ಉಕ್ಕಿನ ತಟ್ಟೆಗೂ ಒಂದು ಕಾರ್ಕ್ ತಟ್ಟೆಗೂ ಕಬ್ಬಿಣದ ಪಟ್ಟಿ ಬೆಸೆಸಿದರೆ ಆಯಿತು. ಹೊಸ ಕಾರ್ಕ್ ಪ್ಲೇಟುಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಬೇಕು. ಇದಕ್ಕೆ ಅಡುಗೆಮನೆಯ ಪಾತ್ರೆ ತೆಗೆದುಕೊಂಡರೆ ಮುಂದಿನದಕ್ಕೆ ನಾವು ಜವಾಬ್ದಾರರಲ್ಲ. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಂಭವವುಂಟು. ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಕ್ಷೇಮ.

ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಇರುವುದು ಸುಧಾರಣೆಯ ವಿಷಯದಲ್ಲಿ. ದೆಹಲಿಯ ಓಡಾಟಕ್ಕೆ ಮೂಲ ಕ್ಲಚ್ಚು ಸಾಲದು ಎಂದು ಒಪ್ಪಿದ ಮೇಲೆ ಏನು ಮಾಡಬೇಕು? ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಲಚ್ಚಿನ ಹಿಡಿತ ಅವಲಂಬಿಸಿರುವುದು ನಾಲ್ಕರ ಮೇಲೆ: ಉಜ್ಜುವ ಮೈಗಳ ಸಂಖ್ಯೆ, ಆ ಮೈಯ ಘರ್ಷಣೆ, ಸ್ಪ್ರಿಂಗಿನ ಒತ್ತಡ, ತಟ್ಟೆಯ ತ್ರಿಜ್ಯ. ತ್ರಿಜ್ಯ ಬದಲಿಸಲು ಆಗದು, ಡ್ರಮ್ಮು ಇದ್ದಷ್ಟೇ. ತೆಳು ತಟ್ಟೆಗಳನ್ನು ಹಾಕಿ ನಾಲ್ಕರ ಜಾಗದಲ್ಲಿ ಐದನ್ನು ಕೂರಿಸಿದರೆ ಎಂಟು ಮೈಗಳು ಹತ್ತಾಗಿ ಹಿಡಿತ ಕಾಲುಭಾಗ ಹೆಚ್ಚುತ್ತದೆ. ಕಾರ್ಕಿನ ಬದಲು ಶಾಖ ತಡೆಯುವ ಫೈಬರ್ ಲೈನಿಂಗಿನ ಪ್ಲೇಟು ಹಾಕಿದರೆ ಸುಡುವ ಭಯ ಕಡಿಮೆ. ಎಲ್ಲಕ್ಕಿಂತ ಅಗ್ಗದ ದಾರಿ ಗಟ್ಟಿ ಸ್ಪ್ರಿಂಗು. ಅಂಗಡಿಯವರು ಮೊದಲು ತೋರಿಸುವುದೂ ಅದನ್ನೇ.

ನಮ್ಮ ಅಭಿಪ್ರಾಯದಲ್ಲಿ ಅಪಾಯ ಇರುವುದು ಅಲ್ಲಿಯೇ. ಬೇರೆ ಗಾಡಿಯಲ್ಲಿ ಗಟ್ಟಿ ಸ್ಪ್ರಿಂಗು ಹಾಕಿದರೆ ಎಡಗೈ ನೋಯುತ್ತದೆ, ಅಷ್ಟೆ. ಜಾವಾದಲ್ಲಿ ಆ ಸ್ಪ್ರಿಂಗನ್ನು ಕಾಲೂ ಬಿಡಿಸಬೇಕು. ಆ ಭಾರವೆಲ್ಲ ಸಣ್ಣ ಕ್ಯಾಮಿನ ಮೇಲೆ ಬೀಳುತ್ತದೆ, ಅದು ಸವೆಯುತ್ತದೆ. ಸವೆದ ಕ್ಯಾಮ್ ಕ್ಲಚ್ಚನ್ನು ಪೂರ್ತಿ ಬಿಡಿಸದು, ಗೇರು ಕಿರುಗುಟ್ಟುತ್ತದೆ. ಆಗ ಮೆಕ್ಯಾನಿಕ್ಕು ಹೇಳುವುದು, "ಈ ಆಟೋ ಕ್ಲಚ್ಚೇ ತಂಟೆ, ತೆಗೆದುಬಿಡೋಣ ಸಾಬ್." ಯುದ್ಧಕಾಲದಲ್ಲಿ ಕದ್ದುಮುಚ್ಚಿ ರೂಪಿಸಿ, ಮೈಸೂರಿನ ಕೈಗಳಿಗೆ ಬಂದ ವಿದ್ಯೆಯೊಂದು ಹೀಗೆ ಹತ್ತು ನಿಮಿಷದಲ್ಲಿ ಗಾಡಿಯಿಂದ ಹೊರಬೀಳುತ್ತದೆ. ಗಾಡಿ ಓಡುತ್ತದೆ, ನಿಜ. ಆದರೆ ಆ ಮೇಲೆ ಅದು ಜಾವಾ ಬಣ್ಣದ ಇನ್ನಾವುದೋ ಗಾಡಿ. ಆದ್ದರಿಂದ ಮೂಲ ಬಿಗಿಯ ಸ್ಪ್ರಿಂಗು, ಹೊಸ ಲೈನಿಂಗು, ಕೇಬಲ್ಲಿನಲ್ಲಿ ಸರಿಯಾದ ಸಡಿಲ: ಇಷ್ಟನ್ನೇ ನಾವು ಸುಧಾರಣೆ ಎನ್ನುತ್ತೇವೆ. ಸಡಿಲ ಇಲ್ಲದಿದ್ದರೆ ಸ್ಲಿಪ್ಪು, ಅತಿಯಾದರೆ ಗೇರಿನ ಕಿರುಗು. ಅದನ್ನು ಹೊಂದಿಸುವ ತಾಳ್ಮೆ ಬಾಡಿಗೆಯ ಕೈಗಿಂತ ಮನೆಯ ಕೈಗೇ ಹೆಚ್ಚು.

ಇತ್ತ ಅಪ್ಪಟ ಮೂಲರೂಪವೇ ಬೇಕೆನ್ನುವ ಸಂಗ್ರಾಹಕರೂ ಇದ್ದಾರೆ. ಕಾರ್ಕ್ ಅಲ್ಲದೆ ಬೇರೆ ಮುಟ್ಟಬಾರದು ಎನ್ನುತ್ತಾರೆ. ಕಾನೂನೂ ಈ ಪ್ರಶ್ನೆಯನ್ನು ಹತ್ತಿರ ತಂದಿದೆ. 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ದೆಹಲಿಯ ರಸ್ತೆಗಿಳಿಯಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಹೇಳಿತು, 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಮತ್ತೆ ವಾದವಿವಾದ ನಡೆಯಿತು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ದಾರಿ ತೆರೆಯಿತು. ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ, ಚಾಸಿ, ಮೈಕಟ್ಟು, ಎಂಜಿನ್ನು ಗಣನೀಯವಾಗಿ ಬದಲಾಗಿರಬಾರದು. ಅರವತ್ತರ ದಶಕದ ಜಾವಾ ಇದರಲ್ಲಿ ಹಿಡಿಸುತ್ತದೆ. ಎಂಬತ್ತರ ದಶಕದ ರೋಡ್‌ಕಿಂಗ್‌ಗೆ ಇನ್ನೂ ವಯಸ್ಸಾಗಿಲ್ಲ. ರಸ್ತೆಗೆ ಮುದುಕ, ವಿಂಟೇಜಿಗೆ ಹುಡುಗ. ಸವೆಯುವ ಭಾಗವಾದ ಲೈನಿಂಗನ್ನು ಬದಲಿಸುವುದು ಗಣನೀಯ ಬದಲಾವಣೆಯಲ್ಲ ಎಂಬುದು ನಮ್ಮ ವಾದ. ಕ್ಯಾಮನ್ನು ಕಿತ್ತೆಸೆದವರ ಪರವಾಗಿ ಮಾತ್ರ ನಾವು ವಾದಿಸಲಾರೆವು.

ನಮ್ಮವರಲ್ಲಿ ಕೆಲವರು ನಿರಾಕ್ಷೇಪಣಾ ಪತ್ರ ಪಡೆದು ಗಾಡಿಯನ್ನು ಊರಿಗೆ ಕಳಿಸಿದ್ದಾರೆ, ಕೆಲವರು ಮಾಯಾಪುರಿಯ ಗುಜರಿಗೆ ಕೊಟ್ಟಿದ್ದಾರೆ. ಇನ್ನೂ ಮೆಟ್ಟಿಲ ಕೆಳಗೆ ಬಟ್ಟೆ ಹೊದಿಸಿ ಇಟ್ಟುಕೊಂಡವರು ಊರಿಗೆ ಕಳಿಸುವುದಾದರೆ ಒಂದು ಕೆಲಸ ಮಾಡಬೇಕು. ಬಿಚ್ಚಿ ತೆಗೆದ ಹಳೆಯ ಕಾರ್ಕ್ ಪ್ಲೇಟುಗಳನ್ನೂ, ಕ್ಯಾಮ್ ತೆಗೆಸಿದ್ದರೆ ಅದನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಡಿ. ಜೊತೆಗೆ, ಯಾವ ವರ್ಷ ಯಾವ ಲೈನಿಂಗು, ಯಾವ ಸ್ಪ್ರಿಂಗು ಹಾಕಿದಿರಿ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದಿಡಿ. ಮುಚ್ಚಳ ಮುಂದೆ ಬಿಚ್ಚುವವರು ಮೈಸೂರಿನವರೇ ಆಗಿರಬಹುದು.