ಕಲ್ಲನ್ನು ಉಳಿಸಿಕೊಂಡು ಕೊರೆಯುವ ವಿದ್ಯೆ

ಬೋರ್‌ವೆಲ್ ಕೊರೆಯುವವರಿಗೆ ಬೇಕಾದದ್ದು ತೂತು. ಕಾರ್ಬೈಡ್ ಗುಂಡಿಗಳ ಬಿಟ್ ಕಲ್ಲನ್ನು ಕುಟ್ಟಿ ಪುಡಿಮಾಡುತ್ತದೆ, ಕಂಪ್ರೆಸರಿನ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಬಂಡೆ ಓದುವ ಕಸುಬಿನ ನನಗೆ ಬೇಕಾದದ್ದು ತೂತಿನೊಳಗಿನ ಕಲ್ಲು, ಅದೂ ಇದ್ದ ಕ್ರಮದಲ್ಲಿ, ಇಡಿಯಾಗಿ. ಹಟ್ಟಿ ಚಿನ್ನದ ಗಣಿಯಲ್ಲಿ ಬಂಗಾರ ಬೆಣಚುಕಲ್ಲಿನ ಎಳೆಗಳಲ್ಲಿದೆ. ಪುಡಿ ಕಳಿಸಿದರೆ ಬಂಗಾರವೆಷ್ಟೆಂದು ಲ್ಯಾಬ್ ಹೇಳೀತು. ಎಳೆ ಎಷ್ಟು ದಪ್ಪ, ಎಷ್ಟು ಓರೆ, ಅದರ ಅಂಚಿಗೆ ಯಾವ ಕಲ್ಲು ಎಂಬುದನ್ನು ಕೋರ್, ಅಂದರೆ ಇಡಿಯಾಗಿ ಹೊರತೆಗೆದ ಕಲ್ಲಿನ ಕಂಬ, ಮಾತ್ರ ಹೇಳಬಲ್ಲದು.

ಅದಕ್ಕೇ ನನಗೆ ಜಿನೀವಾದ ಜಾರ್ಜ್ ಆಗಸ್ಟ್ ಲೆಶೋ ಮೇಲೆ ಅಷ್ಟು ಗೌರವ. ಆತ ಗಡಿಯಾರದ ಕಸುಬಿನವನು. 1862ರ ಸುಮಾರಿಗೆ ಟೊಳ್ಳು ಕೊಳವೆಯ ತುದಿಗೆ ಉಂಗುರ ತೊಡಿಸಿ, ಅದಕ್ಕೆ ವಜ್ರದ ಹರಳು ಕೂಡಿಸಿ ತಿರುಗಿಸಿ, ನಡುವಿನ ಕಲ್ಲನ್ನು ಕೊಳವೆಯೊಳಗೆ ಉಳಿಸಿಕೊಳ್ಳುವ ಉಪಾಯ ಕಂಡುಕೊಂಡ. ಮಗ ರೊಡಾಲ್ಫ್ ಹೆಸರಿನಲ್ಲಿ 1863ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಈ ಕೆಲಸಕ್ಕೆ ಹೊಂದಿದ್ದು ಬ್ರೆಜಿಲ್ಲಿನ ಬಹಿಯಾದ ಕಪ್ಪು ವಜ್ರ, ಕಾರ್ಬೊನಾಡೊ. ಆಭರಣದ ವಜ್ರ ಒಂದೇ ಹರಳಾದ್ದರಿಂದ ಪೆಟ್ಟಿಗೆ ಸೀಳುತ್ತದೆ. ಕಾರ್ಬೊನಾಡೊ ಸಣ್ಣ ಹರಳುಗಳು ಅಡ್ಡಾದಿಡ್ಡಿ ಬೆಸೆದ ಗಟ್ಟಿ. ಸೀಳಲು ದಾರಿಯೇ ಇಲ್ಲ.

ಆದರೆ ಬಲು ದುಬಾರಿ. ಹಾಗಾಗಿ ಕೆಲವೆಡೆ ವಜ್ರದ ಬದಲು ಉಕ್ಕಿನ ಕಾಳುಗಳನ್ನು ಕೊಳವೆಯಡಿ ಸುರಿದು ಕಲ್ಲು ಅರೆದರು. ನೆಟ್ಟಗಿನ ಕುಳಿಗೆ ಅದು ಸರಿ. ಓರೆ ಕುಳಿಯಲ್ಲಿ ಕಾಳೆಲ್ಲ ಒಂದೇ ಬದಿಗೆ ಜಾರುತ್ತವೆ, ಆದರೆ ವಾಲಿದ ಅದಿರಿಗೆ ಓರೆಯಾಗಿಯೇ ಕೊರೆಯಬೇಕು. ಹಲ್ಲುಳ್ಳ ಶಂಕುಗಳು ಉರುಳುವ 1909ರ ಹ್ಯೂಸ್ ಬಿಟ್ ಎಣ್ಣೆ ಬಾವಿ ಕೊರೆಯುವುದನ್ನೇ ಬದಲಿಸಿತು. ಅದೂ ಕಲ್ಲನ್ನು ಪುಡಿಗಟ್ಟುವುದೇ, ನನ್ನ ಕೆಲಸಕ್ಕೆ ಬಾರದು.

1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ತಯಾರಾಯಿತು. ಮುಂದೆ ಅಂಥ ವಜ್ರದ ಪುಡಿಯನ್ನು ಲೋಹದ ಪುಡಿಯೊಂದಿಗೆ ಬೆರೆಸಿ ಕಾಯಿಸಿ ಒತ್ತಿದ ಬಿಟ್‌ಗಳು ಬಂದವು. ಇಲ್ಲಿರುವ ಜಾಣ್ಮೆಗೆ ನಾನು ಇಂದಿಗೂ ಬೆರಗಾಗುತ್ತೇನೆ: ಕಲ್ಲು ಗಟ್ಟಿಯಾದಷ್ಟೂ ಲೋಹ ಮೆತ್ತಗಿರಬೇಕು. ಬೆಣಚು ವಜ್ರದ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಮೆತ್ತನೆ ಲೋಹ ಸವೆದರೆ ಮೊಂಡು ಹರಳು ಉದುರಿ ಒಳಗಿನ ಹೊಸ ಹರಳು ಮೇಲೆ ಬರುತ್ತದೆ. ಲೋಹ ಗಟ್ಟಿಯಾದರೆ ಬಿಟ್ ನುಣ್ಣಗಾಗಿ ಬರೀ ಜಾರುತ್ತದೆ. ಒರಟು, ಮೆತ್ತನೆ ಕಲ್ಲಿಗೆ ಇದರ ತಿರುವುಮುರುವು. ಕೊರೆಯುವ ರಾಡಿನ ನಡುಕ ನೋಡಿಯೇ ಬಿಟ್ ಬದಲಿಸಲು ಹೇಳುವ ಡ್ರಿಲ್ಲರುಗಳ ಅನುಭವ ಯಾವ ಕೈಪಿಡಿಗೂ ಕಡಿಮೆಯದಲ್ಲ.

ಕೋರ್ ಎಷ್ಟು ಸಿಕ್ಕಿತೆಂದು ಬರೆಯುವ ಕಿರಿಯರಿಗೆ ನಾನು ಹೇಳುವುದೊಂದೇ: ಯಾವ ಬಿಟ್‌ನಿಂದ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಮೂರು ಮೀಟರಿನಲ್ಲಿ ಎರಡೇ ಮೀಟರ್ ಬಂದರೆ, ಕೆಳಗೆ ಬಂಡೆಯೇ ಚೂರಾಗಿದೆಯೋ, ತಪ್ಪು ಬಿಟ್ ಅದನ್ನು ಅರೆದುಹಾಕಿತೋ ಎಂದು ಮುಂದೆ ಓದುವವರಿಗೆ ತಿಳಿಯಬೇಕಲ್ಲ.