ರೆಟ್‌ಸ್ಕ್ರೀನ್

ಸೌರ, ಪವನ, ಕಿರುಜಲವಿದ್ಯುತ್, ಜೈವಿಕ ಇಂಧನ ಮೊದಲಾದ ಯೋಜನೆಗಳು ಒಂದು ನಿರ್ದಿಷ್ಟ ಜಾಗದಲ್ಲಿ ತಾಂತ್ರಿಕವಾಗಿ ಸಾಧ್ಯವೇ, ಹಾಕಿದ ಹಣಕ್ಕೆ ಹುಟ್ಟುವಳಿ ಇದೆಯೇ ಎಂದು ಪರಿಶೀಲಿಸುವ ತಂತ್ರಾಂಶ. ಕೆನಡಾ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಸೇರಿದ, ಮಾಂಟ್ರಿಯಲ್ ಸಮೀಪದ ವರೆನ್ ಪಟ್ಟಣದ ಕ್ಯಾನ್‌ಮೆಟ್ ಪ್ರಯೋಗಾಲಯದಲ್ಲಿ ರೂಪುಗೊಂಡು 1998ರಲ್ಲಿ ಬಿಡುಗಡೆಯಾಯಿತು. ಗ್ರೆಗರಿ ಲೆಂಗ್ ಇದರ ಮುಖ್ಯ ರೂವಾರಿ.

ಶುದ್ಧ ಇಂಧನದ ಲೆಕ್ಕಾಚಾರಕ್ಕೆ ಕಂಪ್ಯೂಟರ್ ಬಂದದ್ದು ಇದಕ್ಕಿಂತ ಬಹಳ ಹಿಂದೆಯೇ. 1970ರ ದಶಕದ ತೈಲ ಬಿಕ್ಕಟ್ಟಿನ ದಿನಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೌರ ಉಷ್ಣ ವ್ಯವಸ್ಥೆಗಳನ್ನು ಅನುಕರಿಸಿ ನೋಡುವ ಟ್ರಾನ್‌ಸಿಸ್ ತಂತ್ರಾಂಶವನ್ನು ಕಟ್ಟಿತು. ಅಲ್ಲಿನ ಕ್ಲೈನ್, ಬೆಕ್‌ಮನ್ ಮತ್ತು ಡಫಿ ಆ ದೀರ್ಘ ಲೆಕ್ಕಗಳ ಫಲಿತಾಂಶವನ್ನು ಕೆಲವೇ ಸಮೀಕರಣಗಳಿಗೆ ಇಳಿಸಿ, ಎಫ್-ಚಾರ್ಟ್ ಎಂಬ ಸರಳ ವಿಧಾನವನ್ನು ಕೊಟ್ಟರು. ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದಿಂದ 1987ರಲ್ಲಿ ಗಾಳಿಯ ಅಂದಾಜಿಗೆಂದೇ ವಾಸ್ಪ್ ಬಂತು. ಇವೆಲ್ಲ ಪರಿಣತರ ಸಾಧನಗಳು; ಒಂದೊಂದೂ ಒಂದೊಂದು ತಂತ್ರಜ್ಞಾನಕ್ಕೆ ಮೀಸಲು. ಎಷ್ಟು ಶಕ್ತಿ ಸಿಗುತ್ತದೆ ಎಂಬುದಕ್ಕೆ ಇವು ಉತ್ತರ ಕೊಡುತ್ತಿದ್ದವು. ಬ್ಯಾಂಕಿನವರು ಕೇಳುವ ಪ್ರಶ್ನೆಗಳಿಗೆ ಬೇರೆ ಕಡತ ಬೇಕಿತ್ತು.

ತೊಡಕು ಇದ್ದದ್ದು ಚಿಕ್ಕ ಯೋಜನೆಗಳಿಗೆ. ದೊಡ್ಡ ಅಣೆಕಟ್ಟೆಗೆ ಹಲವು ವರ್ಷ ಸಮೀಕ್ಷೆ ನಡೆಸಿದರೂ ಆ ಖರ್ಚು ಒಟ್ಟು ವೆಚ್ಚದಲ್ಲಿ ಕರಗಿಹೋಗುತ್ತದೆ. ಒಂದು ಹಳ್ಳದ ಮೇಲಿನ ಕಿರುಜಲ ಘಟಕಕ್ಕೋ ಆಸ್ಪತ್ರೆಯ ಬಿಸಿನೀರಿನ ವ್ಯವಸ್ಥೆಗೋ ಸಲಹೆಗಾರರಿಂದ ವರದಿ ಬರೆಸಲು ಹೊರಟರೆ, ವರದಿಯೇ ಯೋಜನೆಯ ಬೆನ್ನು ಮುರಿಯುತ್ತದೆ. ಹಾಗಾಗಿ ಇಂಥ ಯೋಜನೆಗಳು ಪರಿಶೀಲನೆಯೇ ಇಲ್ಲದೆ ಕೈಬಿಟ್ಟುಹೋಗುತ್ತಿದ್ದವು, ಇಲ್ಲವೇ ಪರಿಶೀಲನೆಯೇ ಇಲ್ಲದೆ ಕಟ್ಟಲ್ಪಟ್ಟು ಕೆಡುತ್ತಿದ್ದವು. ವಿವರವಾದ ಅಧ್ಯಯನಕ್ಕೆ ಹಣ ಸುರಿಯುವ ಮುನ್ನ, ಅದು ಬೇಕೇ ಬೇಡವೇ ಎಂದು ತೀರ್ಮಾನಿಸುವ ಪೂರ್ವ ಕಾರ್ಯಸಾಧ್ಯತಾ ಹಂತವನ್ನು ಅಗ್ಗವಾಗಿಸುವುದೇ ರೆಟ್‌ಸ್ಕ್ರೀನ್‌ನ ಗುರಿಯಾಗಿತ್ತು. ‘ಬೇಡ’ ಎಂಬ ಉತ್ತರ ಬೇಗ ಸಿಗುವುದೂ ಇಲ್ಲಿ ದೊಡ್ಡ ಉಳಿತಾಯವೇ.

ಆರಂಭದ ಆವೃತ್ತಿಗಳು ಎಕ್ಸೆಲ್ ಕಡತಗಳು. ಪವನ, ಕಿರುಜಲ, ಸೌರ ಫಲಕ, ಸೌರ ಬಿಸಿನೀರು, ಜೈವಿಕ ಇಂಧನದ ತಾಪನ, ಭೂತಾಪ ಪಂಪು ಹೀಗೆ ಒಂದೊಂದಕ್ಕೂ ಪ್ರತ್ಯೇಕ ಕಡತ. ಬಳಕೆದಾರ ತುಂಬಬೇಕಾದ ಮನೆಗಳಿಗೆ ಹಳದಿ ಬಣ್ಣ, ದತ್ತಸಂಗ್ರಹದಿಂದ ತಂದು ತುಂಬಬಹುದಾದವಕ್ಕೆ ನೀಲಿ, ಫಲಿತಾಂಶಕ್ಕೆ ಬಿಳಿ. ಎಕ್ಸೆಲ್ ಆರಿಸಿಕೊಂಡದ್ದು ಜಾಣ ನಿರ್ಧಾರ. ಅದು ಎಂಜಿನಿಯರನಿಗೂ ಲೆಕ್ಕಪತ್ರದವನಿಗೂ ಮೊದಲೇ ಪರಿಚಿತವಾಗಿತ್ತು. ಇಬ್ಬರೂ ಒಂದೇ ಹಾಳೆಯನ್ನು ಮುಂದಿಟ್ಟುಕೊಂಡು ವಾದಿಸಬಹುದಿತ್ತು.

ವಿಶ್ಲೇಷಣೆ ಐದು ಹೆಜ್ಜೆಗಳಲ್ಲಿ ಸಾಗುತ್ತದೆ: ಶಕ್ತಿಯ ಅಂದಾಜು, ವೆಚ್ಚ, ಹಸಿರುಮನೆ ಅನಿಲಗಳ ಕಡಿತ, ಹಣಕಾಸು, ಕೊನೆಗೆ ಸೂಕ್ಷ್ಮತೆ ಮತ್ತು ಅಪಾಯದ ಪರೀಕ್ಷೆ. ಈ ಎಲ್ಲದರ ಅಡಿಯಲ್ಲಿರುವುದು ಒಂದು ಹೋಲಿಕೆ. ಹೊಸ ಯೋಜನೆಗೆ ಎಷ್ಟಾಗುತ್ತದೆ ಎಂದಷ್ಟೇ ತಂತ್ರಾಂಶ ಕೇಳುವುದಿಲ್ಲ. ಅದಿಲ್ಲದಿದ್ದರೆ ನೀವು ಮಾಡುತ್ತಿದ್ದ ವ್ಯವಸ್ಥೆ ಯಾವುದು, ಅದಕ್ಕೆ ಆಯುಷ್ಯಪೂರ್ತಿ ಎಷ್ಟಾಗುತ್ತಿತ್ತು ಎಂದೂ ಕೇಳುತ್ತದೆ. ಡೀಸೆಲ್ ಜನರೇಟರ್ ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಸೌರ ಫಲಕ ಇದರ ತಿರುಗುಮುರುಗು. ಮೊದಲ ದಿನದ ಬೆಲೆಯನ್ನಷ್ಟೇ ನೋಡುವ ಟೆಂಡರು ಪದ್ಧತಿಯಲ್ಲಿ ಶುದ್ಧ ಇಂಧನ ಗೆಲ್ಲುವುದು ಕಷ್ಟ. ನಿವ್ವಳ ಪ್ರಸ್ತುತ ಮೌಲ್ಯ, ಆಂತರಿಕ ಪ್ರತಿಫಲ ದರ, ಸಾಲ ತೀರಿಸುವ ಸಾಮರ್ಥ್ಯ ಎಂಬ ಬ್ಯಾಂಕಿನ ಭಾಷೆಯಲ್ಲೇ ಆ ತಕ್ಕಡಿಯನ್ನು ಸರಿಪಡಿಸಿದ್ದು ರೆಟ್‌ಸ್ಕ್ರೀನ್‌ನ ನಿಜವಾದ ಕೊಡುಗೆ ಎನ್ನಬೇಕು. ಇಂಧನದ ಬೆಲೆ, ಬಡ್ಡಿ, ಆರಂಭಿಕ ವೆಚ್ಚ ಏರಿಳಿದರೆ ಏನಾದೀತು ಎಂಬುದನ್ನು ಮಾಂಟೆ ಕಾರ್ಲೊ ವಿಧಾನದಲ್ಲಿ 500 ಬಗೆಯ ಸಂಯೋಜನೆಗಳ ಮೂಲಕ ಅದು ಪರೀಕ್ಷಿಸುತ್ತಿತ್ತು. ಎಫ್-ಚಾರ್ಟ್ ವಿಧಾನವೂ ಅದರ ಸೌರ ಬಿಸಿನೀರಿನ ಮಾದರಿಯೊಳಗೆ ಸೇರಿಕೊಂಡಿತು.

ಲೆಕ್ಕದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬಿಸಿಲು, ಗಾಳಿಯ ಅಳತೆ ಬೇಕು. ಭೂಮಿಯ ಮೇಲಿನ ಹವಾಮಾನ ಕೇಂದ್ರಗಳ ದಾಖಲೆಯ ಜೊತೆಗೆ, ಕೇಂದ್ರಗಳೇ ಇಲ್ಲದ ಕಡೆಗಾಗಿ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದ ಉಪಗ್ರಹ ಆಧಾರಿತ ದತ್ತಾಂಶವನ್ನು ತಂತ್ರಾಂಶಕ್ಕೆ ಜೋಡಿಸಲಾಯಿತು. ಇದರಿಂದ ಆಫ್ರಿಕಾದ ಒಳನಾಡಿಗೂ ಒಂದು ಅಂದಾಜು ಸಿಗುವಂತಾಯಿತು. ಆದರೆ ಆ ಉಪಗ್ರಹ ದತ್ತಾಂಶದ ಚೌಕ ಒಂದು ಡಿಗ್ರಿಯದು, ಅಂದರೆ ಸುಮಾರು 110 ಕಿ.ಮೀ. ಅಗಲ. ಶಿವಮೊಗ್ಗ ಜಿಲ್ಲೆಯನ್ನು ಬಲ್ಲವರಿಗೆ ಇದರ ಮಿತಿ ಕೂಡಲೇ ಹೊಳೆಯುತ್ತದೆ: ಆಗುಂಬೆಗೂ ಶಿವಮೊಗ್ಗ ನಗರಕ್ಕೂ ನಡುವಿನ ದೂರ ಇದಕ್ಕಿಂತ ಕಡಿಮೆ; ಅವುಗಳ ಮಳೆ, ಮೋಡಗಳಲ್ಲಿ ಅಜಗಜಾಂತರ. ಗಾಳಿಯ ವಿಷಯದಲ್ಲಂತೂ ತಪ್ಪು ಇನ್ನೂ ದುಬಾರಿ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ವೇಗ ಶೇ. 10ರಷ್ಟು ಕಡಿಮೆಯಾದರೆ ಶಕ್ತಿ ಶೇ. 27ರಷ್ಟು ಕುಸಿಯುತ್ತದೆ.

ಈ ಕಾರಣಕ್ಕೇ ಭಾರತದ ಸಂದರ್ಭದಲ್ಲಿ ಅನ್ನಾ ಮಣಿ ಅವರನ್ನು ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅವರು, ಮುಂದೆ ಹವಾಮಾನ ಇಲಾಖೆಯಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನೇ ಕಟ್ಟಿದರು. ದೇಶದ ಸೌರ ವಿಕಿರಣದ ಅಂಕಿಅಂಶಗಳ ಅವರ ಕೈಪಿಡಿ 1980ರಲ್ಲಿ ಪ್ರಕಟವಾಯಿತು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ ಗಾಳಿಯ ಸಮೀಕ್ಷೆಯನ್ನೂ ನಡೆಸಿದರು. ತಂತ್ರಾಂಶದ ಹಳದಿ ಮನೆಗಳಲ್ಲಿ ತುಂಬಲು ನಂಬಬಹುದಾದ ಅಂಕಿ ಬೇಕೆಂದರೆ, ಯಾರೋ ವರ್ಷಗಟ್ಟಲೆ ಬಯಲಿನಲ್ಲಿ ಉಪಕರಣ ನಿಲ್ಲಿಸಿ ಅಳೆದಿರಬೇಕು.

2007ರ ಡಿಸೆಂಬರ್‌ನಲ್ಲಿ, ಬಾಲಿಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆಯುತ್ತಿದ್ದಾಗ ನಾಲ್ಕನೆಯ ಆವೃತ್ತಿ ಬಿಡುಗಡೆಯಾಯಿತು. ಬಿಡಿಬಿಡಿ ಕಡತಗಳು ಒಂದಾದವು. ಇಂಧನ ದಕ್ಷತೆಯ ಕ್ರಮಗಳೂ ಸೇರಿದವು. ಹಿಂದಿ, ತೆಲುಗು, ಬಂಗಾಳಿ ಸೇರಿ ಮುಂದೆ 36 ಭಾಷೆಗಳಿಗೆ ಅದು ಹಬ್ಬಿತು. 2011ರ ರೆಟ್‌ಸ್ಕ್ರೀನ್ ಪ್ಲಸ್ ಮತ್ತೊಂದು ಕೊರತೆಯನ್ನು ತುಂಬಿತು. ಕಟ್ಟುವ ಮುನ್ನ ಹಾಕಿದ ಲೆಕ್ಕವನ್ನು ಕಟ್ಟಿದ ಮೇಲೆ ಯಾರೂ ತಿರುಗಿ ನೋಡದಿರುವುದು ಎಲ್ಲ ದೇಶಗಳ ರೋಗ. ಘಟಕದ ನಿಜವಾದ ಉತ್ಪಾದನೆಯನ್ನು ಹವಾಮಾನದೊಡನೆ ತಾಳೆ ನೋಡುವ ದಾರಿಯನ್ನು ಪ್ಲಸ್ ತೆರೆಯಿತು.

ಇದೇ ಕಾಲದಲ್ಲಿ ಬೇರೆ ಸಾಧನಗಳೂ ಬೆಳೆದವು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ಪೀಟರ್ ಲಿಲಿಯೆಂತಾಲ್ 1990ರ ದಶಕದಲ್ಲಿ ಕಟ್ಟಿದ ಹೋಮರ್, ವರ್ಷದ 8,760 ಗಂಟೆಗಳನ್ನೂ ಒಂದೊಂದಾಗಿ ಲೆಕ್ಕ ಹಾಕುತ್ತದೆ. ಬ್ಯಾಟರಿ, ಡೀಸೆಲ್, ಸೌರ ಫಲಕ ಬೆರೆತ ಹಳ್ಳಿಯ ಪುಟ್ಟ ಜಾಲಕ್ಕೆ ಅದೇ ಸೂಕ್ತ. ತಿಂಗಳ ಸರಾಸರಿಗಳನ್ನು ನೆಚ್ಚಿದ ರೆಟ್‌ಸ್ಕ್ರೀನ್‌ಗೆ ಸಂಜೆ ಏಳರ ದೀಪದ ಬೇಡಿಕೆ ಕಾಣುತ್ತಿರಲಿಲ್ಲ. ಸೌರ ಫಲಕಗಳ ವಿನ್ಯಾಸಕ್ಕೆ ಜಿನೀವಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಿವಿಸಿಸ್ಟ್ ಮೆಚ್ಚುಗೆ ಗಳಿಸಿತು.

2016ರ ಸೆಪ್ಟೆಂಬರ್‌ನಲ್ಲಿ ಬಂದ ರೆಟ್‌ಸ್ಕ್ರೀನ್ ಎಕ್ಸ್‌ಪರ್ಟ್ ಎಕ್ಸೆಲ್ ಅನ್ನು ಬಿಟ್ಟು ವಿಂಡೋಸ್‌ನ ಸ್ವತಂತ್ರ ತಂತ್ರಾಂಶವಾಯಿತು. ಇದರೊಂದಿಗೆ ಚಂದಾ ಪದ್ಧತಿಯೂ ಬಂತು: ನೋಡುವ, ಕಲಿಯುವ ರೂಪ ಉಚಿತ, ಮಾಡಿದ ಕೆಲಸವನ್ನು ಉಳಿಸಿಕೊಳ್ಳಬೇಕಾದರೆ ಹಣ ಕೊಟ್ಟು ಪಡೆಯುವ ವೃತ್ತಿಪರ ರೂಪ ಬೇಕು. ದೊಡ್ಡ ಕಂಪನಿಗಳಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಯಾರ ಸಲುವಾಗಿ ಈ ಸಾಧನ ಹುಟ್ಟಿತೋ, ಆ ಚಿಕ್ಕ ಯೋಜನೆಯವರಿಗೂ ಬಡ ದೇಶಗಳ ವಿದ್ಯಾರ್ಥಿಗಳಿಗೂ ಇದು ಹೊರೆ.