ಸ್ಟುಡಿಯೊ ಸಮಾಧಿಯಾದ ಕತೆ: ಅಣ್ಣಾವ್ರಿಂದ ಅಪ್ಪುವರೆಗೆ

ಗೊರಗುಂಟೆಪಾಳ್ಯದಿಂದ ರಿಂಗ್ ರೋಡ್ ಹಿಡಿದು ನಂದಿನಿ ಲೇಔಟ್ ಕಡೆ ಬಸ್ಸಲ್ಲಿ ಹೋಗಿದ್ದೀರಾ? ದಾರಿಯಲ್ಲಿ ಕಂಠೀರವ ಸ್ಟುಡಿಯೊ ಅಂತ ಒಂದು ಸ್ಟಾಪ್ ಬರುತ್ತೆ. ಅಲ್ಲಿ ಇಳಿಯೋರಲ್ಲಿ ಶೂಟಿಂಗಿಗೆ ಹೋಗೋರು ಕಡಿಮೆ, ಕೈಯಲ್ಲಿ ಹೂ ಹಿಡಿದೋರು ಜಾಸ್ತಿ. ಸಿನಿಮಾ ತೆಗೆಯೋಕೆ ಅಂತ ಕಟ್ಟಿದ ಜಾಗಕ್ಕೆ ಜನ ಹೂ ಹಿಡಿದು ಬರೋ ಹಾಗಾಗಿದ್ದು ಹೇಗೆ? ಇವತ್ತಿನ ಕತೆ ಅದೇ. ಮಧ್ಯದಲ್ಲಿ ಎಂಟು ಜನರ ಸಾವೂ ಇದೆ, ಅದನ್ನು ಬಿಟ್ಟು ಈ ಕತೆ ಹೇಳೋಕಾಗಲ್ಲ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಬೆಂಗಳೂರಲ್ಲಿ ಕಂಠೀರವ ಅನ್ನೋ ಹೆಸರಿನ ಎರಡು ಜಾಗ ಇವೆ. ಊರ ಮಧ್ಯೆ ಇರೋದು ಕಂಠೀರವ ಕ್ರೀಡಾಂಗಣ. ಯಶವಂತಪುರದ ಆಚೆ ಇರೋದು ಕಂಠೀರವ ಸ್ಟುಡಿಯೊ. ನಮ್ಮ ಕತೆ ಈ ಎರಡರ ನಡುವಿನ ದಾರಿಯಲ್ಲೇ ನಡೆಯುತ್ತೆ.

ಸ್ಟುಡಿಯೊ ಶುರುವಾಗಿದ್ದು 1966ರಲ್ಲಿ. ಅದು ಸರ್ಕಾರಿ ಸಂಸ್ಥೆ. ಆ ಕಾಲದಲ್ಲಿ ಕನ್ನಡ ಸಿನಿಮಾ ಕರ್ನಾಟಕದಲ್ಲಿ ಬಾಡಿಗೆ ಮನೆಯಲ್ಲೂ ಇರಲಿಲ್ಲ ಅನ್ನಬೇಕು. ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತಯಾರಾಗಿದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ಎಲ್ಲವೂ ಮದ್ರಾಸಲ್ಲಿ: ಸ್ಟುಡಿಯೊ, ಲ್ಯಾಬು, ಹಾಡಿನ ರೆಕಾರ್ಡಿಂಗು. ಗಾಜನೂರಿನ ಮುತ್ತುರಾಜ್ 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದಮೇಲೆ ಸಂಸಾರ ಹೂಡಿದ್ದೂ ಮದ್ರಾಸಲ್ಲೇ. ಶಿವಣ್ಣ ಹುಟ್ಟಿದ್ದು ಅಲ್ಲಿ, 1975ರಲ್ಲಿ ಅಪ್ಪು ಹುಟ್ಟಿದ್ದೂ ಅಲ್ಲೇ. ಅಂದ್ರೆ ಕನ್ನಡದ ಪ್ರೇಕ್ಷಕ ಇಲ್ಲಿ, ಅವನ ಹೀರೊ ಇನ್ನೊಂದು ರಾಜ್ಯದಲ್ಲಿ. ನಮ್ಮ ನೆಲದಲ್ಲೇ ಸಿನಿಮಾ ತೆಗೆಯಬೇಕು ಅನ್ನೋ ಹಟಕ್ಕೆ ಹುಟ್ಟಿದ ಕೆಲವು ಜಾಗಗಳಲ್ಲಿ ಕಂಠೀರವ ಸ್ಟುಡಿಯೊ ಒಂದು.

ಅಲ್ಲಿಂದ ಮುಂದಿನ ಕತೆಯನ್ನು ಓಡಿಸ್ತೀನಿ, ಬಹಳಷ್ಟು ನಿಮಗೆ ಗೊತ್ತಿರುತ್ತೆ. ಕುಟುಂಬ ಕರ್ನಾಟಕಕ್ಕೆ ಬಂತು. 1982ರಲ್ಲಿ ಗೋಕಾಕ್ ಚಳವಳಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ. ರಾಜ್ ಬೀದಿಗಿಳಿದ ಮೇಲೆ ಆ ಚಳವಳಿಯ ಗಾತ್ರವೇ ಬದಲಾಯ್ತು. ಪಕ್ಕದ ರಾಜ್ಯಗಳ ಎಂಜಿಆರ್, ಎನ್‌ಟಿಆರ್ ಥರ ಇವರು ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಆದ್ರೂ 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಅವರನ್ನು ಎತ್ತಿಕೊಂಡು ಹೋದಾಗ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ನಿದ್ದೆಗೆಟ್ಟರು. 108 ದಿನ! ಅಷ್ಟೂ ದಿನ ಬೆಂಗಳೂರು ಉಸಿರು ಬಿಗಿಹಿಡಿದು ಕೂತಿತ್ತು. ಹುಷಾರಾಗಿ ವಾಪಸ್ ಬಂದರು. ಅಭಿಮಾನಿಗಳನ್ನು ಅವರು ಕರೀತಿದ್ದದ್ದು 'ಅಭಿಮಾನಿ ದೇವರುಗಳು' ಅಂತ. ನಂಗೆ ಅನ್ಸೋದು, ಆ ಮಾತನ್ನು ಜನ ಬರೀ ವಿನಯ ಅಂತ ತಗೊಳ್ಳಲಿಲ್ಲ. ಅವರ ಮೇಲೆ ತಮಗೊಂದು ಹಕ್ಕಿದೆ ಅಂತ ತಗೊಂಡರು.

ಈಗ 2006ರ ಏಪ್ರಿಲ್ 12, ಬುಧವಾರ. ಮಧ್ಯಾಹ್ನ. ಸದಾಶಿವನಗರದ ಮನೆಯಲ್ಲಿ ರಾಜ್ ಕುಸಿದರು. ಹತ್ತಿರದ ಎಂ.ಎಸ್. ರಾಮಯ್ಯ ಆಸ್ಪತ್ರೆಗೆ ಕರ್ಕೊಂಡು ಹೋದರೂ ಉಳಿಯಲಿಲ್ಲ. ವಯಸ್ಸು 76. ಅವರ ಆಸೆಯಂತೆ ಕಣ್ಣು ದಾನ ಆಯ್ತು. ಇನ್ನೊಂದು ಕಡೆ ಸುದ್ದಿ ಊರೆಲ್ಲ ಹಬ್ಬಿತು.

ಆ ದಿನವನ್ನು ಈಗಿನ ಕಣ್ಣಲ್ಲಿ ನೋಡಬೇಡಿ. ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ, ಯೂಟ್ಯೂಬ್ ಲೈವ್ ಇಲ್ಲ. ಟಿವಿ9 ಕನ್ನಡ ಚಾನೆಲ್ ಶುರುವಾಗಿದ್ದೇ ಆ ವರ್ಷದ ಡಿಸೆಂಬರಲ್ಲಿ. ಮುಖ ನೋಡಬೇಕು ಅಂದ್ರೆ ಖುದ್ದಾಗಿ ಹೋಗಬೇಕು. ನಮ್ಮಲ್ಲಿ ಸತ್ತವರ ಮನೆಗೆ ಹೋದಾಗ ಮೊದಲು ಕೇಳೋದು 'ಮುಖ ನೋಡಿದ್ರಾ' ಅಂತ ತಾನೆ? ಲಕ್ಷಾಂತರ ಜನಕ್ಕೆ ಆವತ್ತು ಬೇಕಿದ್ದದ್ದು ಅಷ್ಟೇ. ಮನೆಯ ಮುಂದೆ ಜನ ಸೇರಿ ಬೀದಿ ತುಂಬಿತು. ಶರೀರವನ್ನು ಕಂಠೀರವ ಕ್ರೀಡಾಂಗಣಕ್ಕೆ ಸಾಗಿಸಿದರು. ಅಲ್ಲೂ ನೂಕುನುಗ್ಗಲು. ಸಾಲು ಎಲ್ಲಿ, ಬಾಗಿಲು ಯಾವುದು, ಎಷ್ಟು ಹೊತ್ತಿನವರೆಗೆ ದರ್ಶನ, ನಂಬಿ ಕಾಯೋ ಹಾಗೆ ಯಾವ ಏರ್ಪಾಡೂ ಇರಲಿಲ್ಲ. ಮಾರನೇ ದಿನ ಅಲ್ಲಿಂದ ಸ್ಟುಡಿಯೊಗೆ ಮೆರವಣಿಗೆ ಹೊರಟಾಗ ದಾರಿಯುದ್ದಕ್ಕೂ ಕಲ್ಲು, ಬೆಂಕಿ. ಬಸ್ಸುಗಳು ಸುಟ್ಟವು. ಐಟಿ ಕಂಪನಿಗಳು ಬಾಗಿಲು ಹಾಕಿದವು. ಲಾಠಿ, ಅಶ್ರುವಾಯು, ಕೊನೆಗೆ ಗೋಲಿಬಾರ್. ಎಂಟು ಜನ ಸತ್ತರು. ಅವರಲ್ಲೊಬ್ಬರು ಡ್ಯೂಟಿ ಮೇಲಿದ್ದ ಪೊಲೀಸ್ ಕಾನ್‌ಸ್ಟೆಬಲ್, ಜನರ ಗುಂಪೇ ಅವರನ್ನು ಹೊಡೆದು ಕೊಂದಿತು.

ಆಮೇಲೆ ಪತ್ರಿಕೆಗಳಲ್ಲಿ ಎರಡು ಥರದ ಮಾತು ಬಂತು. 'ಇದೆಲ್ಲ ಗೂಂಡಾಗಿರಿ, ಬೆಂಗಳೂರಿನ ಮರ್ಯಾದೆ ಹೋಯ್ತು' ಅನ್ನೋದು ಒಂದು. ಇದು ನಗರದಲ್ಲಿ ಬದಿಗೆ ಸರಿದ ಕನ್ನಡಿಗನ ಸಿಟ್ಟು ಅನ್ನೋದು ಇನ್ನೊಂದು. ಎರಡನೆಯದರಲ್ಲಿ ಸತ್ಯ ಇದೆ. ಸುತ್ತಮುತ್ತ ಎಚ್‌ಎಂಟಿಯಂಥ ಕಾರ್ಖಾನೆಗಳು ಸೊರಗುತ್ತಿದ್ದ ಕಾಲ, ಆ ಕಾರ್ಖಾನೆಗಳ ಕನ್ನಡ ಸಂಘಗಳಿಗೆ ರಾಜ್ ಅಂದ್ರೆ ಬರೀ ನಟ ಅಲ್ಲ. ಆದ್ರೆ ಆ ಸತ್ಯ ಇಟ್ಕೊಂಡು ಕಾನ್‌ಸ್ಟೆಬಲ್ ಸಾವನ್ನು ಸಮರ್ಥಿಸೋಕೆ ಆಗಲ್ಲ. ಅಣ್ಣಾವ್ರ ರೀಲ್ಸ್ ನಾವು ದಿನಾ ನೋಡ್ತೀವಿ, ಆ ಎಂಟು ಜನ ಯಾರ ಫೀಡಲ್ಲೂ ಬರಲ್ಲ.

ಆವತ್ತು ಮುಖ್ಯಮಂತ್ರಿಯಾಗಿದ್ದವರು ಎಚ್.ಡಿ. ಕುಮಾರಸ್ವಾಮಿ, ಕುರ್ಚಿಗೆ ಬಂದು ಆಗಿನ್ನೂ ಎರಡೇ ತಿಂಗಳು. ಈ ಹೆಸರು ನೆನಪಿಟ್ಟುಕೊಳ್ಳಿ. 2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡಾಗಲೂ ಮುಖ್ಯಮಂತ್ರಿ ಅವರೇ. ಈ ಸಲ ಏನಾಯ್ತು ಗೊತ್ತಾ? ಮಂಡ್ಯದ ಜನ ತಮ್ಮ ಗಂಡು ಮುಖ ತೋರಿಸಿ ಅಂತ ಪಟ್ಟು ಹಿಡಿದರು. ಶರೀರವನ್ನು ಹೆಲಿಕಾಪ್ಟರಲ್ಲಿ ಮಂಡ್ಯಕ್ಕೇ ಕಳಿಸಿದರು. ಜನ ರಾತ್ರಿಯೆಲ್ಲ ಸಾಲಲ್ಲಿ ನಿಂತು ನೋಡಿದರು. ಮರುದಿನ ಬೆಂಗಳೂರಿಗೆ ವಾಪಸ್ ತಂದು ಇದೇ ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ. ಊರಿಗೆ ಊರೇ ಅತ್ತಿತು, ಬೆಂಕಿ ಬೀಳಲಿಲ್ಲ. 2006ರ ಪಾಠ ಸರ್ಕಾರಕ್ಕೆ ನೆನಪಿತ್ತು ಅಂತ ನಾನು ಓದ್ಕೋತೀನಿ.

ಆ ಪಾಠದ ದೊಡ್ಡ ಪರೀಕ್ಷೆ ಬಂದಿದ್ದು 2021ರ ಅಕ್ಟೋಬರ್ 29ಕ್ಕೆ. ಪುನೀತ್‌ಗೆ ಬರೀ 46 ವರ್ಷ. ಆವತ್ತು ನೀವೆಲ್ಲಿದ್ದಿರಿ ಅಂತ ಕೇಳಿದ್ರೆ ನಿಮ್ಮಲ್ಲಿ ತುಂಬಾ ಜನ ಹೇಳಬಲ್ಲಿರಿ. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಸಂಜೆಯಿಂದಲೇ ಕ್ರೀಡಾಂಗಣದಲ್ಲಿ ದರ್ಶನ, ಬ್ಯಾರಿಕೇಡ್ ಹಾಕಿ ಸಾಲು, ನಗರದಲ್ಲಿ ಮದ್ಯ ಮಾರಾಟ ಬಂದ್. ಫೋನಲ್ಲಿ ಲೈವ್ ಇದ್ದರೂ ಜನ ಮನೆಯಲ್ಲಿ ಕೂರಲಿಲ್ಲ. ಮಗಳು ಅಮೆರಿಕದಿಂದ ಬರಬೇಕಿತ್ತು, ಸಾಲೂ ಕರಗಲಿಲ್ಲ. ಹಾಗಾಗಿ ಅಂತ್ಯಕ್ರಿಯೆಯನ್ನು 31ಕ್ಕೆ ಮುಂದೂಡಿದರು. ಆ ಇನ್ನೊಂದು ರಾತ್ರಿ ಕೊಟ್ಟಿದ್ದೇ ಇಡೀ ಏರ್ಪಾಡಿನ ಜಾಣ ನಿರ್ಧಾರ ಅಂತ ನನ್ನ ಅಭಿಪ್ರಾಯ. ಭಾನುವಾರ ಬೆಳಗಿನ ಜಾವವೇ ಶರೀರ ಸ್ಟುಡಿಯೊಗೆ ಹೊರಟಿತು, ಅಪ್ಪ ಅಮ್ಮನ ಹತ್ತಿರವೇ ಮಣ್ಣು ಮಾಡಿದರು. ಅಪ್ಪನಂತೆ ಮಗನ ಕಣ್ಣೂ ದಾನವಾಯ್ತು, ನಾರಾಯಣ ನೇತ್ರಾಲಯದಲ್ಲಿ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಸಾವಿರಾರು ಅಭಿಮಾನಿಗಳಿಗೆ ಊಟ. ಎಲೆ ಮುಂದೆ ನಿಂತು ಬಡಿಸಿದವರಲ್ಲಿ ಶಿವಣ್ಣ, ರಾಘಣ್ಣ ಇದ್ದರು. ಹದಿನೈದು ವರ್ಷದ ಹಿಂದೆ ಇದೇ ಕುಟುಂಬಕ್ಕೆ ತಂದೆಯನ್ನು ಶಾಂತವಾಗಿ ಕಳಿಸಿಕೊಡೋಕೆ ಆಗಿರಲಿಲ್ಲ.

ಸಮಾಧಿಗೆ ಜಾಗ ಅನ್ನೋದು ಸಣ್ಣ ವಿಷಯ ಅನ್ಕೋಬೇಡಿ. ಕಂಠೀರವ ಸರ್ಕಾರದ್ದು, ಹಾಗಾಗಿ ರಾಜ್ ಸ್ಮಾರಕಕ್ಕೆ ಸುಮಾರು 2.5 ಎಕರೆ ಸಿಕ್ಕಿತು, 2014ರಲ್ಲಿ ಉದ್ಘಾಟನೆಯೂ ಆಯ್ತು. ಊರಿನ ಇನ್ನೊಂದು ತುದಿಯಲ್ಲಿ, ಕೆಂಗೇರಿ ಕಡೆ, ಅಭಿಮಾನ್ ಸ್ಟುಡಿಯೊ ಇದೆ. ಹಾಸ್ಯನಟ ಟಿ.ಎನ್. ಬಾಲಕೃಷ್ಣ ಕಷ್ಟಪಟ್ಟು ಕಟ್ಟಿದ್ದು. 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಆಗಿದ್ದು ಅಲ್ಲಿ. ಆ ಜಮೀನಿನ ವ್ಯಾಜ್ಯ ಮುಗಿಯಲೇ ಇಲ್ಲ. ಕೊನೆಗೆ ಸ್ಮಾರಕ 2023ರಲ್ಲಿ ಮೈಸೂರಲ್ಲಿ ಆಯ್ತು, 2025ರ ಆಗಸ್ಟಲ್ಲಿ ಅಭಿಮಾನ್‌ನ ಸಮಾಧಿಯನ್ನು ಕೆಡವಿದರು. ದಾದಾ ಅಭಿಮಾನಿಗಳ ನೋವು ಅರ್ಥ ಆಗಬೇಕಾದರೆ ಒಂದು ಭಾನುವಾರ ಕಂಠೀರವಕ್ಕೆ ಹೋಗಿ ಬನ್ನಿ.

ಹಸಿರು ಮಾರ್ಗದ ಮೆಟ್ರೊದಲ್ಲಿ ಗೊರಗುಂಟೆಪಾಳ್ಯಕ್ಕೆ ಇಳಿದರೆ ಅಲ್ಲಿಂದ ಬಸ್ಸು, ಆಟೊ ಸಿಗುತ್ತೆ. ಅಣ್ಣಾವ್ರ ಹುಟ್ಟುಹಬ್ಬ ಏಪ್ರಿಲ್ 24, ಅಪ್ಪುದು ಮಾರ್ಚ್ 17. ಆ ಎರಡು ದಿನ ಹೋಗೋದಾದ್ರೆ ಬೆಳಗ್ಗೆ ಬೇಗ ಹೊರಡಿ, ಸಾಲು ಉದ್ದ ಇರುತ್ತೆ.